ಕನ್ಸರ್ವೆನ್ಸಿ ಗಲ್ಲಿಯಿಂದ ಸೇವಾ ಸಿಂಧುವರೆಗೆ

ಬಸವನಗುಡಿ, ಜಯನಗರದ ಹಳೇ ಬೀದಿಗಳಲ್ಲಿ ಓಡಾಡುವಾಗ ಒಂದ್ಸಲ ಮನೆಗಳ ಹಿಂದಕ್ಕೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನ ನಡುವೆ ಸಣ್ಣದೊಂದು ಗಲ್ಲಿ ಸಿಗುತ್ತೆ. ದಾಖಲೆಯಲ್ಲಿ ಅದರ ಹೆಸರು ಕನ್ಸರ್ವೆನ್ಸಿ ಲೇನ್. ಇಂಥ ಗಲ್ಲಿಗಳನ್ನ ನಗರ ಯೋಜನೆಯಲ್ಲಿ ಬಿಟ್ಟಿದ್ದು ಮಲ, ಕಸ ಎತ್ತೋಕೆ ಬರೋರಿಗೆ. ಅಂದ್ರೆ ನಮಗೆ. ಮುಂದಿನ ರಸ್ತೆ ಅವರಿಗೆ, ಹಿಂದಿನ ಗಲ್ಲಿ ನಮಗೆ.

ಇದಕ್ಕೂ ಸಾಂಕ್ರಾಮಿಕ ರೋಗಕ್ಕೂ ಸಂಬಂಧ ಇದೆ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಗ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್, ಶೇಷಾದ್ರಿ ಅಯ್ಯರ್ ದಿವಾನರು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತರು. ಮೊದಲೇ ಯೋಜನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಪ್ಲೇಗಿನ ನಂತರ ಬೆಳೆದವು. ಅಗಲ ರಸ್ತೆ, ಗಾಳಿ, ಬೆಳಕು. ಸೈಟು ಕೊಳ್ಳೋ ಶಕ್ತಿ ಇದ್ದೋರಿಗೆ ಅದೇ ಅವತ್ತಿನ ಸಾಮಾಜಿಕ ಭದ್ರತೆ. ಊರನ್ನ ಸ್ವಚ್ಛ ಮಾಡಿದೋರಿಗೆ ಹೊಸ ಊರಲ್ಲಿ ಸಿಕ್ಕಿದ್ದು ಹಿಂದಿನ ಗಲ್ಲಿ. ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸೋಕೆ 1970ರ ದಶಕದಲ್ಲಿ ನಮ್ಮ ಬಿ. ಬಸವಲಿಂಗಪ್ಪನವರೇ ಪೌರಾಡಳಿತ ಮಂತ್ರಿಯಾಗಿ ಬರಬೇಕಾಯ್ತು.

1948ಕ್ಕೆ ಬನ್ನಿ. ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು ಆ ವರ್ಷ. ಇಎಸ್‌ಐ ಕಾಯ್ದೆ ಬಂದಿದ್ದೂ ಅದೇ ವರ್ಷ. ಆ ಕಾಯ್ದೆಗೆ ನೆಲ ಹದ ಮಾಡಿದೋರಲ್ಲಿ ಬಾಬಾಸಾಹೇಬರೂ ಒಬ್ಬರು. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು, ಅಡಾರ್ಕರ್ ವರದಿ ಬಂದಿದ್ದು ಆ ಅವಧಿಯಲ್ಲೇ. ಕಾಯಿಲೆ ಬಿದ್ದ ಕಾರ್ಮಿಕನಿಗೆ ಸಿಗೋದು ಭಿಕ್ಷೆ ಅಲ್ಲ ಹಕ್ಕು, ಮಾಲೀಕನೂ ಪಾಲು ಕಟ್ಟಬೇಕು ಅನ್ನೋದು ಅದರ ತಿರುಳು. ಆದರೆ ಅದು ಶುರುವಾಗಿದ್ದು ಕಾರ್ಖಾನೆಯ ಹಾಜರಿ ಪುಸ್ತಕದಿಂದ. ಜಯನಗರದ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯೋ ನಮ್ಮ ತಾಯಂದಿರಿಗೆ ಹಾಜರಿ ಪುಸ್ತಕ ಎಲ್ಲಿತ್ತು?

ಈಗ ಕೊರೊನಾ. 2020ರ ಮಾರ್ಚ್‌ನಲ್ಲಿ ಸರ್ಕಾರ ಕೈಗೆತ್ತಿಕೊಂಡಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಪ್ಲೇಗ್ ಕಾಲದ್ದೇ. ಲಾಕ್‌ಡೌನ್ ಆಯ್ತು. ಅಪಾರ್ಟ್‌ಮೆಂಟ್ ಗೇಟುಗಳು ಮನೆಗೆಲಸದ ಹೆಂಗಸರಿಗೆ ಮುಚ್ಚಿದವು.

ಮೇ 6ಕ್ಕೆ ಯಡಿಯೂರಪ್ಪ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸ್ತು. 7,75,000 ಆಟೊ, ಟ್ಯಾಕ್ಸಿ ಚಾಲಕರು, 2,30,000 ಕ್ಷೌರಿಕರು, 60,000 ಅಗಸರಿಗೆ ತಲಾ 5,000 ರೂಪಾಯಿ. ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ ಇನ್ನೂ 3,000. ಅವರಿಗೆಲ್ಲ ಸಿಕ್ಕಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿಯಲ್ಲಿ ಮನೆಗೆಲಸದವರಿರಲಿಲ್ಲ. ಚಿಂದಿ ಆಯೋರಿರಲಿಲ್ಲ.

ಕಟ್ಟಡ ಕಾರ್ಮಿಕರ ಲೆಕ್ಕ ಸ್ವಲ್ಪ ಗಮನಿಸಿ. ಘೋಷಣೆಯ ದಿನ ಹೇಳಿದ ಪ್ರಕಾರ 15.80 ಲಕ್ಷ ನೋಂದಾಯಿತರಲ್ಲಿ 11.80 ಲಕ್ಷ ಜನರ ಖಾತೆಗೆ 2,000 ಆಗಲೇ ಹೋಗಿತ್ತು. ಅಷ್ಟು ಬೇಗ ಹೇಗೆ ಸಾಧ್ಯ ಆಯ್ತು? 1996ರ ಕಾಯ್ದೆ ಪ್ರಕಾರ ಕಟ್ಟಡದ ವೆಚ್ಚದ ಮೇಲೆ ಸೆಸ್ ಇದೆ, ಅದಕ್ಕೊಂದು ಮಂಡಳಿ ಇದೆ, ಮಂಡಳಿ ಹತ್ರ ಹೆಸರು ಮತ್ತು ಖಾತೆ ಸಂಖ್ಯೆ ಇತ್ತು. ಉಳಿದ 4 ಲಕ್ಷ ಜನ ಕಾದಿದ್ದೂ ಅದೇ ಕಾರಣಕ್ಕೆ: ಖಾತೆ ವಿವರ ಸರಿಯಿಲ್ಲ. ನೋಂದಣಿಯೇ ಆಗದೆ ಶೆಡ್ಡಲ್ಲಿದ್ದ ರಾಯಚೂರು, ಯಾದಗಿರಿ ಕಡೆಯವರು ಕಾಯೋ ಸಾಲಲ್ಲೂ ಇರಲಿಲ್ಲ.

2021ರ ಮೇ 19ರ ಎರಡನೇ ಪ್ಯಾಕೇಜ್‌ನಲ್ಲಿ ಮನೆಗೆಲಸದವರು, ಚಿಂದಿ ಆಯೋರು ಕೊನೆಗೂ ಬಂದರು. 2,000 ರೂಪಾಯಿ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ, ಜೊತೆಗೆ ವೃತ್ತಿ ಪ್ರಮಾಣಪತ್ರ.

ಆಗ ನಾವು ನಾಲ್ಕು ಜನ ರಾಗಿಗುಡ್ಡದಲ್ಲಿ ಮೊಬೈಲ್ ಹಿಡ್ಕೊಂಡು ಅರ್ಜಿ ತುಂಬಿಸ್ತಾ ಕೂತಿದ್ವಿ. ಒಬ್ಬ ಅಕ್ಕ ಒಂದೇ ಮನೇಲಿ 14 ವರ್ಷ ದುಡಿದೋರು. ಆ ಮನೆಯವರ ಹತ್ರ ಒಂದು ಸಹಿ ಕೇಳೋಕೆ ಹೋದರು. "ಇವತ್ತು ಸಹಿ ಹಾಕಿದ್ರೆ ನಾಳೆ ಇದನ್ನೇ ತೋರಿಸಿ ಬೋನಸ್ ಕೇಳ್ತೀಯ" ಅಂದರಂತೆ. ಅಕ್ಕ ವಾಪಸ್ ಬಂದು ಹೇಳಿದ್ದಿಷ್ಟೇ: "ಅವರ ಮನೆ ಬೀಗದ ಕೈ ನನ್ನ ಹತ್ರಾನೇ ಇದೆ ಕಣಪ್ಪ." ಕೀಲಿ ಕೊಡೋಷ್ಟು ನಂಬಿಕೆ ಇದೆ. ನಮ್ಮನೆ ಕೆಲಸದೋಳು ಅಂತ ಕಾಗದದಲ್ಲಿ ಒಪ್ಪಿಕೊಳ್ಳೋಕೆ ಆಗಲ್ಲ.

ಅದೇ ತಿಂಗಳುಗಳಲ್ಲಿ ಇಎಸ್‌ಐ ಕೂಡ ಬದಲಾಯ್ತು. ಕೋವಿಡ್‌ನಿಂದ ಸತ್ತ ವಿಮಾದಾರರ ಕುಟುಂಬಕ್ಕೆ ಸರಾಸರಿ ಸಂಬಳದ ಶೇ 90ರಷ್ಟು ಪಿಂಚಣಿ. ನಿಜಕ್ಕೂ ಒಳ್ಳೇ ಯೋಜನೆ. ಆದರೆ ರೋಗ ಬರೋಕೆ 3 ತಿಂಗಳ ಮುಂಚೆಯೇ ನೋಂದಣಿ ಆಗಿರಬೇಕಿತ್ತು.

ನಾನು ಹೇಳೋಕೆ ಹೊರಟಿದ್ದು ಇದೇ. ಬಿಕ್ಕಟ್ಟು ಬಂದಾಗ ಸರ್ಕಾರ ಹೊಸ ಬಾಗಿಲು ತೆರೆಯಲ್ಲ, ಇರೋ ಬಾಗಿಲನ್ನ ಅಗಲ ಮಾಡುತ್ತೆ ಅಷ್ಟೇ. ಯಾರು ಒಳಗೆ, ಯಾರು ಹೊರಗೆ ಅನ್ನೋದು ರೋಗ ಬರೋಕೆ ಮುಂಚೇನೇ, ಮಾಮೂಲಿ ದಿನಗಳಲ್ಲಿ ತೀರ್ಮಾನ ಆಗಿರುತ್ತೆ.

ಆ ಪಟ್ಟಿ ಬದಲಾಗುತ್ತೆ, ನಾವೇ ಬದಲಾಯಿಸಿದ್ದೀವಿ. ಕೊರೊನಾದಲ್ಲಿ ಪೌರಕಾರ್ಮಿಕರಿಗೆ ಹೂವು ಹಾಕಿದರು, ಖಾಯಂ ಮಾಡಲಿಲ್ಲ. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಲ್ಲಿ ಕೂತ ಮೇಲೆ ಸರ್ಕಾರ ಬಗ್ಗಿತು. 2025ರ ಮೇ 1ಕ್ಕೆ 12,692 ಜನರಿಗೆ ಖಾಯಂ ನೇಮಕಾತಿ ಪತ್ರ ಸಿಕ್ತು. ಅದೇ ವರ್ಷ ಗಿಗ್ ಕಾರ್ಮಿಕರಿಗೂ ಕಾಯ್ದೆ ಬಂತು, ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು.

ಮನೆಗೆಲಸದವರಿಗೆ 2004ರಲ್ಲೇ ಈ ರಾಜ್ಯ ಕನಿಷ್ಠ ವೇತನ ನಿಗದಿ ಮಾಡಿದೆ. ಹಾಗಾದ್ರೆ ಅವರು ಕಾರ್ಮಿಕರು ಅಂತ ಕಾನೂನು ಒಪ್ಪಿ 20 ವರ್ಷ ದಾಟಿತು. ಇನ್ನು ಬೇಕಿರೋದು ಮೂರು: ಅವರದ್ದೇ ಒಂದು ಮಂಡಳಿ, ಕೆಲಸ ಕೊಡೋರಿಂದ ವಂತಿಗೆ, ಮಾಲೀಕರ ಸಹಿ ಇಲ್ಲದೆ ಸ್ವಯಂ ಘೋಷಣೆಯಲ್ಲೇ ನೋಂದಣಿ.

ಗೆಳೆಯರೇ, ಈ ವಾರ ನಿಮ್ಮ ಬೀದಿಯ ಒಬ್ಬ ಅಕ್ಕನ ಇ-ಶ್ರಮ್ ಕಾರ್ಡ್ ಮಾಡಿಸಿ. ಬ್ಯಾಂಕ್ ಖಾತೆ ಸರಿ ಇದೆಯಾ ನೋಡಿ. ಮುಂದಿನ ರೋಗ ಹೇಳಿ ಕೇಳಿ ಬರಲ್ಲ.

ಜೈ ಭೀಮ್.