ಟಕ್ಕರ್ 48: ಉಳಿದ ಕಾರುಗಳ ಲೆಕ್ಕ

ಅಮೆರಿಕದ ಪ್ರೆಸ್ಟನ್ ಟಕ್ಕರ್ ತಯಾರಿಸಿದ ಟಕ್ಕರ್ 48 ಕಾರುಗಳು ಒಟ್ಟು 51. ಉಳಿದಿರುವುದು 47 ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಹಳೆಯ ಕಾರುಗಳ ವಿಷಯದಲ್ಲಿ ಇಷ್ಟು ಖಚಿತವಾದ ಅಂಕಿ ಸಿಗುವುದು ಅಪರೂಪ. ಆದರೂ ಅದರ ಬೆನ್ನು ಹತ್ತಿದರೆ, ಯಾವುದನ್ನು ಒಂದು ಕಾರು ಎಂದು ಎಣಿಸಬೇಕು ಎಂಬಲ್ಲಿಯೇ ತಕರಾರು ಶುರುವಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಬಿ-29 ಬಾಂಬರ್‌ಗಳ ಎಂಜಿನ್ ತಯಾರಾಗುತ್ತಿದ್ದ ಷಿಕಾಗೋದ ಭಾರಿ ಕಾರ್ಖಾನೆಯನ್ನು ಟಕ್ಕರ್ ಯುದ್ಧ ಮುಗಿದ ಮೇಲೆ ಬಾಡಿಗೆಗೆ ಹಿಡಿದ. 'ಟಿನ್ ಗೂಸ್' ಎಂಬ ಅಡ್ಡಹೆಸರಿನ ಮೊದಲ ಮಾದರಿ 1947ರ ಜೂನ್‌ನಲ್ಲಿ ಜನರೆದುರು ಬಂತು. ಎಂಜಿನ್ ಹಿಂಬದಿಯಲ್ಲಿತ್ತು; ಮೂತಿಯ ನಡುವೆ, ಸ್ಟೀರಿಂಗ್ ತಿರುಗಿದತ್ತ ತಿರುಗುವ ಮೂರನೆಯ ದೀಪವಿತ್ತು. ಆಮೇಲೆ ಬಂದ 50 ಕಾರುಗಳಿಗೆ ಹೆಲಿಕಾಪ್ಟರ್ ಎಂಜಿನ್ನನ್ನೇ ನೀರಿನಿಂದ ತಣಿಯುವಂತೆ ಮಾರ್ಪಡಿಸಿ ಕೂರಿಸಲಾಯಿತು. ಅಷ್ಟರಲ್ಲಿ ವಂಚನೆಯ ಆರೋಪ ಬಂದು 1949ರಲ್ಲಿ ಕಾರ್ಖಾನೆ ಮುಚ್ಚಿತು. 1950ರ ಜನವರಿಯಲ್ಲಿ ಟಕ್ಕರ್ ಖುಲಾಸೆಯಾದರೂ ಕಂಪನಿ ಮತ್ತೆ ಮೇಲೇಳಲಿಲ್ಲ.

ಈ 50 ಕಾರುಗಳಿಗೆ 1001ರಿಂದ 1050ರವರೆಗೆ ಕ್ರಮಸಂಖ್ಯೆಗಳಿದ್ದವು. ಲೆಕ್ಕದ ಬುನಾದಿಯೇ ಅದು. ಅಭಿಮಾನಿಗಳ ಸಂಘದವರು ಒಂದೊಂದು ಸಂಖ್ಯೆಯ ಜಾಡು ಹಿಡಿದು, ಯಾರಿಂದ ಯಾರಿಗೆ ಹೋಯಿತು, ಬಣ್ಣ ಯಾವಾಗ ಬದಲಾಯಿತು ಎಂಬುದನ್ನೆಲ್ಲ ದಾಖಲಿಸಿದ್ದಾರೆ. ಹಾಗಾಗಿ ಕಳೆದುಹೋದ ನಾಲ್ಕರ ಕಥೆಯೂ ಸಿಗುತ್ತದೆ: 1027 ಇಂಡಿಯಾನಾಪೊಲಿಸ್ ರೇಸ್ ಟ್ರ್ಯಾಕ್‌ನಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ಪಲ್ಟಿಯಾಯಿತು, 1018 ಮರಕ್ಕೆ ಗುದ್ದಿ ಜಖಂಗೊಂಡಿತು, 1023 ಫ್ಲೋರಿಡಾದ ಗೋದಾಮಿನ ಬೆಂಕಿಯಲ್ಲಿ ಸುಟ್ಟಿತು, 1042 ಪಾಳುಬಿದ್ದು ಬಿಡಿಭಾಗಗಳಾಗಿ ಹಂಚಿಹೋಯಿತು.

ಇಷ್ಟೊಂದು ಉಳಿದದ್ದಕ್ಕೆ ಕಂಪನಿಯ ದಿವಾಳಿತನವೂ ಒಂದು ಕಾರಣವೆನ್ನಬೇಕು. ಹಗರಣದಿಂದಾಗಿ ಕಾರು ಕುತೂಹಲದ ವಸ್ತುವಾಯಿತು. ಒಬ್ಬ ವ್ಯಾಪಾರಿ ಹತ್ತು ಕಾರು ಕೊಂಡು ಮೇಳಗಳಲ್ಲಿ ಪ್ರದರ್ಶನಕ್ಕೇ ಇಟ್ಟ. ಕಂಪನಿ ಬದುಕಿದ್ದೂ ಕಾರು ಉಳಿಯದಿರಬಹುದು ಎಂಬುದಕ್ಕೆ ಕ್ರೈಸ್ಲರ್ ಟರ್ಬೈನ್ ನಿದರ್ಶನ. 1960ರ ದಶಕದಲ್ಲಿ 55 ಕಾರು ಕಟ್ಟಿದ ಕಂಪನಿ ತಾನೇ 46ನ್ನು ನಾಶಮಾಡಿತು, ಉಳಿದದ್ದು ಒಂಬತ್ತೇ.

ಇನ್ನು ತಕರಾರಿನ ವಿಷಯ. ಕಾರ್ಖಾನೆಯಲ್ಲಿ ಉಳಿದ ಭಾಗಗಳನ್ನು ಕೂಡಿಸಿ ದಶಕಗಳ ನಂತರ 1051 ಎಂಬ ಕಾರನ್ನು ಕಟ್ಟಲಾಯಿತು. ಅದನ್ನು ಸೇರಿಸಿದರೆ ಲೆಕ್ಕ 48ಕ್ಕೆ ಏರುತ್ತದೆ. ಈ ಶತಮಾನದಲ್ಲಿ ಮೇಲ್ಛಾವಣಿ ಮಡಚುವ ಟಕ್ಕರ್ ಒಂದು ಕಾಣಿಸಿಕೊಂಡು, ಕಂಪನಿಯೇ ಗುಟ್ಟಾಗಿ ಆರಂಭಿಸಿದ ಮಾದರಿ ಅದು ಎಂಬ ವಾದ ಹುಟ್ಟಿತು. ಟಕ್ಕರ್ ಇತಿಹಾಸ ಬಲ್ಲವರು ಕಾಗದಪತ್ರದ ಆಧಾರ ಕೇಳಿ ಅದನ್ನು ತಳ್ಳಿಹಾಕಿದರು. ಅವರು ಕೇಳಿದ್ದು ಸರಿಯೇ. ಇಂಥ ಕಾರಿಗೆ ಕೋಟಿಗಟ್ಟಲೆ ರೂಪಾಯಿ ಬೆಲೆ ಬರುವಾಗ, ಎಲ್ಲೋ ಉಳಿದ ಒಂದು ಚಾಸಿಸ್, ಇನ್ನೆಲ್ಲೋ ಸಿಕ್ಕ ಒಂದು ಬಾಗಿಲು ಕೂಡಿ 'ಅಸಲಿ' ಕಾರಾಗಲು ತಡವಾಗುವುದಿಲ್ಲ. ಚಾಸಿಸ್ ಒಬ್ಬರ ಬಳಿ, ಬಾಡಿ ಇನ್ನೊಬ್ಬರ ಬಳಿ ಉಳಿದಿದ್ದರೆ ಒಂದೇ ಕಾರು ಎರಡು ಸಲ ಎಣಿಕೆಗೆ ಬರುವ ಅಪಾಯವೂ ಉಂಟು.

ಸಾವಿರಗಟ್ಟಲೆ ತಯಾರಾದ ಕಾರುಗಳಿಗೆ ಈ ಜಾಡು ಹಿಡಿಯುವ ಕ್ರಮ ಸಾಲದು. ಬ್ರಿಟನ್ನಿನಲ್ಲಿ ಸರ್ಕಾರಿ ನೋಂದಣಿ ದಾಖಲೆಯಿಂದ ಪ್ರತಿ ಮಾದರಿಯ ಅಂಕಿ ತೆಗೆಯಬಹುದು. ರಸ್ತೆಗಿಳಿಸದ ವಾಹನವನ್ನೂ ಹಾಗೆಂದು ಘೋಷಿಸುವ ನಿಯಮ ಅಲ್ಲಿ 1998ರಲ್ಲಿ ಬಂತು. ಅದಕ್ಕೂ ಮೊದಲೇ ಕೊಟ್ಟಿಗೆ ಸೇರಿ ಮರೆತುಹೋದ ಕಾರು ಆ ಪಟ್ಟಿಯಲ್ಲಿ ಬರುವುದಿಲ್ಲ. ಇನ್ನೊಂದು ದಾರಿ ಕೆರೆಯ ಮೀನು ಎಣಿಸಲು ಬಳಸುವ ವಿಧಾನ. ಸಂಘದ ಪಟ್ಟಿಯಲ್ಲಿ 60 ಕಾರು, ಹರಾಜಿನ ಪಟ್ಟಿಯಲ್ಲಿ 40, ಎರಡರಲ್ಲೂ ಇರುವುದು 20 ಎಂದಿಟ್ಟುಕೊಂಡರೆ, 60ನ್ನು 40ರಿಂದ ಗುಣಿಸಿ 20ರಿಂದ ಭಾಗಿಸಿದಾಗ ಒಟ್ಟು ಸುಮಾರು 120 ಎಂದು ಬರುತ್ತದೆ. ಸಂಘಕ್ಕೆ ಸೇರುವವರ ಕಾರುಗಳೇ ಹರಾಜಿಗೂ ಹೆಚ್ಚಾಗಿ ಬರುವುದರಿಂದ, ಹೀಗೆ ಬಂದ ಉತ್ತರ ನಿಜಸಂಖ್ಯೆಗಿಂತ ಕಡಿಮೆಯಿರುವ ಸಂಭವವೇ ಹೆಚ್ಚು.