ಮೋಡದ ರಾತ್ರಿಯ ಚಂದ್ರ

ಹೋದ ಮಳೆಗಾಲದಲ್ಲಿ ನನ್ನ ಏಳನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಅಮಾವಾಸ್ಯೆಯ ಮರುದಿನದಿಂದ ಒಂದು ತಿಂಗಳು ದಿನಾಲೂ ಚಂದ್ರನನ್ನು ನೋಡಬೇಕು. ನೋಟ್‌ಬುಕ್ಕಿನಲ್ಲಿ ಮೂವತ್ತು ವೃತ್ತ ಹಾಕಿಕೊಂಡು, ಕಂಡ ಆಕಾರವನ್ನು ಅದರಲ್ಲಿ ಬಿಡಿಸಬೇಕು. ನಾನು ಕಲಬುರಗಿಯವಳು, ಈಗ ಹೈದರಾಬಾದಿನ ಒಂದು ಉರ್ದು ಮಾಧ್ಯಮ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಚಂದ್ರಯಾನ-3 ಇಳಿದ ದಿನ ಚಪ್ಪಾಳೆ ತಟ್ಟಿದ ಮಕ್ಕಳು ಇವರು. ಆದರೆ ಅಷ್ಟಮಿಯ ಚಂದ್ರ ಸಂಜೆ ಆಕಾಶದಲ್ಲಿ ಎಲ್ಲಿರುತ್ತಾನೆ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಕೆಲಸ.

ತಿಂಗಳಾದ ಮೇಲೆ ನೋಟ್‌ಬುಕ್ಕುಗಳು ಬಂದವು. ಹೆಚ್ಚಿನವರದ್ದು ಬಹಳ ಚೆಂದ ಇತ್ತು. ಮೂವತ್ತು ವೃತ್ತ, ಮೂವತ್ತು ಚಂದ್ರ, ಒಂದೂ ತಪ್ಪಿಲ್ಲ. ಒಬ್ಬ ಹುಡುಗಿಯ ಪುಟ ಮಾತ್ರ ಬೋಳುಬೋಳಾಗಿತ್ತು. ಹದಿನೇಳು ವೃತ್ತ ಖಾಲಿ, ಪ್ರತಿಯೊಂದರ ಕೆಳಗೂ ಉರ್ದುವಿನಲ್ಲಿ ಒಂದೇ ಮಾತು: ಬಾದಲ್. ಅಂದರೆ ಮೋಡ. ಕೆಲಸ ಪೂರ್ತಿ ಮಾಡಿಲ್ಲ ಅಂತ ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ.

ಮರುದಿನ ಅವಳು ಮೇಜಿನ ಹತ್ತಿರ ಬಂದು ನಿಂತಳು. ಅಳಲಿಲ್ಲ, ಜಗಳವಾಡಲಿಲ್ಲ. "ಟೀಚರ್, ನಜರ್ ನೈ ಆಯಾ ತೋ ಕೈಸಾ ಬನಾನಾ?" ಅಂತ ಕೇಳಿದಳು. ಕಾಣದೇ ಹೋದರೆ ಹೇಗೆ ಬಿಡಿಸೋದು?

ಆಗ ನನಗೆ ಹೊಳೆಯಿತು. ಆ ತಿಂಗಳು ಅರ್ಧಕ್ಕಿಂತ ಹೆಚ್ಚು ದಿನ ಮಳೆ, ಮೋಡ. ಉಳಿದ ಮಕ್ಕಳಿಗೆ ಮೂವತ್ತು ಚಂದ್ರ ಎಲ್ಲಿಂದ ಬಂದವು? ಮೊಬೈಲಿನಿಂದ, ಕ್ಯಾಲೆಂಡರಿನಿಂದ, ಪಕ್ಕದವರ ಪುಟದಿಂದ. ನೋಡದವರಿಗೆ ಹತ್ತು ಅಂಕ ಕೊಟ್ಟಿದ್ದೆ, ದಿನಾಲೂ ಮಾಳಿಗೆ ಹತ್ತಿ ನೋಡಿದವಳಿಗೆ ನಾಲ್ಕು. ತಪ್ಪು ನನ್ನದು.

ಅವಳ ಪ್ರಶ್ನೆ ಹೊಸದಲ್ಲ. ಚಂದ್ರನನ್ನು ನೋಡಿ ಲೆಕ್ಕ ಇಟ್ಟ ಎಲ್ಲ ಕಾಲದ ಜನರಿಗೂ ಮೋಡ ಅಡ್ಡ ಬಂದಿದೆ. ಅವರು ಏನು ಮಾಡಿದರು ಅಂತ ಹುಡುಕಿಕೊಂಡು ಹೋದೆ. ನನಗೆ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಬಾಬಿಲೋನಿಗೆ ಹೋಗೋಣ. ಇಂದಿನ ಇರಾಕಿನಲ್ಲಿ ಯೂಫ್ರೆಟಿಸ್ ನದಿಯ ದಡದಲ್ಲಿದ್ದ ಹಳೆಯ ನಗರ ಅದು. ಅಲ್ಲಿನ ಲಿಪಿಕಾರರು ಹಸಿ ಮಣ್ಣಿನ ಹಲಗೆಯ ಮೇಲೆ ಆಕಾಶದ ದಿನಚರಿ ಬರೆಯುತ್ತಿದ್ದರು. ನಮಗೆ ಸಿಕ್ಕಿರುವ ಹಲಗೆಗಳಲ್ಲಿ ಬಹಳ ಹಳೆಯದು ಕ್ರಿಸ್ತಪೂರ್ವ 652ರ ಸುಮಾರಿನದು, ಕೊನೆಯವು ಕ್ರಿಸ್ತಪೂರ್ವ ಒಂದನೇ ಶತಮಾನದವು. ಸುಮಾರು ಆರುನೂರು ವರ್ಷ ನಡೆದ ಕೆಲಸ ಇದು. ಹೆಚ್ಚಿನ ಹಲಗೆಗಳು ಇವತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಪ್ರತಿ ತಿಂಗಳ ಮೊದಲಿಗೆ, ಹಿಂದಿನ ತಿಂಗಳು 29 ದಿನದ್ದೋ 30 ದಿನದ್ದೋ ಅಂತ ಗುರುತು ಹಾಕುತ್ತಿದ್ದರು. ಹೊಸ ಚಂದ್ರ ಎಷ್ಟು ಹೊತ್ತು ಕಂಡ ಅನ್ನುವುದನ್ನೂ ಬರೆಯುತ್ತಿದ್ದರು.

ಮೋಡ ಇದ್ದರೆ? ಮೋಡ ಇತ್ತು ಅಂತ ಬರೆಯುತ್ತಿದ್ದರು. ಲೆಕ್ಕದಿಂದ ಸಿಕ್ಕ ಸಂಖ್ಯೆಯನ್ನು ಹಾಕಿದಾಗ, ಇದನ್ನು ತಾನು ಕಣ್ಣಾರೆ ನೋಡಿಲ್ಲ ಅನ್ನುವ ಪುಟ್ಟ ಟಿಪ್ಪಣಿಯನ್ನೂ ಪಕ್ಕದಲ್ಲಿ ಸೇರಿಸುತ್ತಿದ್ದರು. ನನ್ನ ವಿದ್ಯಾರ್ಥಿನಿ ಬರೆದ "ಬಾದಲ್" ಅನ್ನೋ ಮಾತಿಗೂ ಅದಕ್ಕೂ ಏನು ವ್ಯತ್ಯಾಸ? ಇವರಿಗೆ ಲೆಕ್ಕ ಬರುತ್ತಿತ್ತು, ಕಾಣದ ಚಂದ್ರನನ್ನು ಕಂಡಂತೆ ಬರೆದಿದ್ದರೆ ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಕಂಡದ್ದನ್ನು, ಎಣಿಸಿದ್ದನ್ನು ಬೇರೆ ಬೇರೆ ಇಟ್ಟರು.

ಮುಂದೆ ನಮಗೆಲ್ಲ ಗೊತ್ತಿರುವ ಕಾಲಕ್ಕೆ ಬರೋಣ. ಹಿಜರಿ ತಿಂಗಳು ಚಂದ್ರದರ್ಶನದಿಂದ ಶುರುವಾಗುತ್ತದೆ. ಹೊಸಚಂದ್ರಗಳು ಜನರಿಗೆ ಕಾಲ ತಿಳಿಯುವುದಕ್ಕೆ, ಹಜ್‌ನ ದಿನ ತಿಳಿಯುವುದಕ್ಕೆ ಇವೆ ಎಂಬ ಅರ್ಥದ ಮಾತು ಕುರ್‌ಆನಿನ ಎರಡನೇ ಅಧ್ಯಾಯದಲ್ಲಿದೆ. ಚಂದ್ರ ನೋಡಿ ಉಪವಾಸ ಶುರುಮಾಡಬೇಕು, ಚಂದ್ರ ನೋಡಿ ಮುಗಿಸಬೇಕು, ಮೋಡ ಮುಚ್ಚಿದರೆ ಮೂವತ್ತು ದಿನ ಪೂರ್ತಿ ಮಾಡಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ತಿಂಗಳು ಒಮ್ಮೆ 29, ಒಮ್ಮೆ 30 ಎಂದು ಅವರು ಕೈಬೆರಳು ತೋರಿಸಿ ತಿಳಿಸಿದ ವಿಷಯವೂ ಅಲ್ಲಿ ಬರುತ್ತದೆ.

ಚಿಕ್ಕಂದಿನಿಂದ ಇದನ್ನು ಕೇಳಿದ್ದೇನೆ. ಆದರೆ ಗಣಿತ ಕಲಿಸುವವಳಾಗಿ ನೋಡಿದಾಗಲೇ ಇದರ ಒಳಗಿನ ಜಾಣತನ ನನಗೆ ಕಂಡದ್ದು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸರಾಸರಿ 29.53 ದಿನ. ಅಂದರೆ ತಿಂಗಳು 29 ಆಗಬೇಕು, ಇಲ್ಲ 30 ಆಗಬೇಕು, 31 ಆಗುವ ಹಾಗಿಲ್ಲ. 29ರ ಸಂಜೆ ಮೋಡ ಮುಚ್ಚಿದರೂ 30 ಎಣಿಸಿಬಿಟ್ಟರೆ ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸ. ಮುಂದೆ ಆಕಾಶ ತಿಳಿಯಾದ ತಿಂಗಳು ಚಂದ್ರನೇ ಬಂದು ಆ ತಪ್ಪನ್ನು ತಿದ್ದುತ್ತಾನೆ. ಸಾಲದ ಬಡ್ಡಿಯ ಹಾಗೆ ತಪ್ಪು ಬೆಳೆಯುತ್ತಾ ಹೋಗುವುದಿಲ್ಲ. ಮರಳುಗಾಡಿನ ಕುರಿ ಕಾಯುವವನಿಗೂ, ಊರಿನ ಪಂಡಿತನಿಗೂ ಒಂದೇ ಸಮ ಅನುಕೂಲವಾಗುವ ನಿಯಮ. ಇದರ ಬುಡದಲ್ಲಿರುವ ಮಾತು ಇಷ್ಟೇ: ಕಾಣಲಿಲ್ಲ ಅಂದರೆ ಕಾಣಲಿಲ್ಲ ಅನ್ನು, ಆಮೇಲೆ ಎಣಿಸು.

ಹಾಗಂತ ಮುಸ್ಲಿಂ ಸಮಾಜದಲ್ಲಿ ಲೆಕ್ಕ ಹಾಕುವವರು ಕಡಿಮೆ ಇರಲಿಲ್ಲ. ಹೊಸಚಂದ್ರ ಯಾವ ಸಂಜೆ ಕಂಡೀತು ಎನ್ನುವುದು ಒಂಬತ್ತನೇ ಶತಮಾನದಿಂದಲೇ ಖಗೋಳಜ್ಞರ ದೊಡ್ಡ ಪ್ರಶ್ನೆ. ರಕ್ಕಾ ಊರಿನ ಅಲ್-ಬತ್ತಾನಿ ನಲವತ್ತು ವರ್ಷ ಆಕಾಶ ನೋಡಿದ. ಆದರೆ ಮಕ್ಕಳಿಗೆ ಹೇಳಲು ನಾನು ಆರಿಸಿಕೊಂಡದ್ದು ಅಲ್-ಬೀರೂನಿಯ ಕತೆ.

ಕ್ರಿ.ಶ. 997ರ ಮೇ 24ರಂದು ಚಂದ್ರಗ್ರಹಣ. ಮಧ್ಯ ಏಷ್ಯಾದ ಖ್ವಾರಿಜ್ಮ್ ನಾಡಿನ ಕಾಥ್ ಊರಿನಲ್ಲಿ ಬೀರೂನಿ, ಬಗ್ದಾದಿನಲ್ಲಿ ಅಬುಲ್ ವಫಾ. ಇಬ್ಬರೂ ಮೊದಲೇ ಮಾತಾಡಿಕೊಂಡು ಅದೇ ಗ್ರಹಣವನ್ನು ತಮ್ಮ ತಮ್ಮ ಊರಿನಿಂದ ನೋಡಿದರು. ಚಂದ್ರಗ್ರಹಣ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಆಗುತ್ತದೆ, ಆದರೆ ಆ ಗಳಿಗೆಯಲ್ಲಿ ಒಂದೊಂದು ಊರಿನ ಹೊತ್ತು ಒಂದೊಂದು. ಎರಡೂ ಊರಿನ ಹೊತ್ತುಗಳ ನಡುವೆ ಸುಮಾರು ಒಂದು ಗಂಟೆಯ ವ್ಯತ್ಯಾಸ ಸಿಕ್ಕಿತು. ಅದರಿಂದ ಎರಡು ಊರುಗಳ ರೇಖಾಂಶದ ಅಂತರ ಗೊತ್ತಾಯಿತು. ಫೋನಿಲ್ಲ, ಗಡಿಯಾರವಿಲ್ಲ. ಆ ರಾತ್ರಿ ಒಂದು ಊರಿನಲ್ಲಿ ಮೋಡ ಬಂದಿದ್ದರೂ ಇಬ್ಬರ ಶ್ರಮವೂ ನೀರುಪಾಲು. ಒಬ್ಬ ಸುಳ್ಳು ಬರೆದಿದ್ದರಂತೂ ಇನ್ನೊಬ್ಬನ ನಿಜವೂ ಹಾಳು. ಗೆಳೆಯನ ಮಾತಿನ ಮೇಲೆ ನಂಬಿಕೆ ಇದ್ದುದರಿಂದಲೇ ಆ ಲೆಕ್ಕ ನಿಂತಿತು.

ಇದೇ ಬೀರೂನಿ 1018ರಲ್ಲಿ ಕಾಬೂಲಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದಾಗ ಕೈಯಲ್ಲಿ ಉಪಕರಣ ಇರಲಿಲ್ಲ. ಲೆಕ್ಕ ಮಾಡುವ ಹಲಗೆಯನ್ನೇ ತಿರುಗಿಸಿ, ಹಿಂಬದಿಯಲ್ಲಿ ಕಂಸ ಎಳೆದು, ಅಳತೆಯ ಗೆರೆ ಹಾಕಿ, ತೂಗುಗುಂಡು ಕಟ್ಟಿ ಸೂರ್ಯನ ಎತ್ತರ ಅಳೆದ. ಮರುವರ್ಷ ಏಪ್ರಿಲಿನಲ್ಲಿ ಲಮ್ಘಾನ್ ಕಣಿವೆಯಲ್ಲಿ ಸೂರ್ಯಗ್ರಹಣ. ಸೂರ್ಯ ಮೂಡಿ ಕಣ್ಣಿಗೆ ಬಿದ್ದಾಗಲೇ ಗ್ರಹಣ ಬಿಡುತ್ತಾ ಬಂದಿತ್ತು. ಸುಮಾರು ಮೂರನೇ ಒಂದು ಭಾಗ ಮುಚ್ಚಿದ್ದನ್ನು ಕಂಡೆವು ಅಂತ ಆತ ಬರೆದ. ಅದಕ್ಕೆ ಮುಂಚಿನದನ್ನು ಕಂಡೆ ಅನ್ನಲಿಲ್ಲ. ಹರೆಯದಲ್ಲಿ ಗ್ರಹಣದ ಸೂರ್ಯನನ್ನು ನೇರ ನೋಡಿ ತನ್ನ ಕಣ್ಣು ಕೆಟ್ಟಿತು, ನೀರಿನಲ್ಲಿ ಬಿಂಬ ನೋಡುವುದೇ ವಾಸಿ ಅಂತಲೂ ಬರೆದಿಟ್ಟ. ತನ್ನ ತಪ್ಪನ್ನೂ ದಾಖಲೆ ಮಾಡಿದ ಮನುಷ್ಯ. (ಮಕ್ಕಳೇ, ನೀರಿನ ಬಿಂಬವೂ ಕಣ್ಣಿಗೆ ಅಪಾಯವೇ. ಈಗ ಅದಕ್ಕಾಗಿಯೇ ಮಾಡಿದ ಗ್ರಹಣದ ಕನ್ನಡಕ ಸಿಗುತ್ತದೆ. ಚಂದ್ರನನ್ನು ಮಾತ್ರ ಎಷ್ಟು ಹೊತ್ತಾದರೂ ಬರಿಗಣ್ಣಲ್ಲಿ ನೋಡಬಹುದು.)

ಇಷ್ಟು ಪ್ರಾಮಾಣಿಕವಾಗಿ ಬರೆದರೆ ಏನು ಲಾಭ ಅಂತ ಕೇಳುವವರಿಗೆ ಕೈರೋದ ಇಬ್ನ್ ಯೂನುಸ್‌ನ ಉದಾಹರಣೆ ಇದೆ. 1009ರಲ್ಲಿ ತೀರಿಕೊಂಡ ಈತ ತನ್ನ ಗ್ರಂಥದಲ್ಲಿ ತಾನು ನೋಡಿದ ಗ್ರಹಣಗಳನ್ನೂ, ತನಗಿಂತ ಹಿಂದಿನವರು ನೋಡಿದ್ದನ್ನೂ ಹೊತ್ತು ಸಮೇತ ಬರೆದಿಟ್ಟಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಾಂಬ್, ಚಂದ್ರನ ಚಲನೆ ಶತಮಾನಗಳಲ್ಲಿ ಹೇಗೆ ಬದಲಾಗುತ್ತಿದೆ ಎಂದು ಪರೀಕ್ಷಿಸುವಾಗ ಆ ದಾಖಲೆಗಳನ್ನು ಬಳಸಿಕೊಂಡ. ಎಂಟುನೂರಕ್ಕೂ ಹೆಚ್ಚು ವರ್ಷಗಳ ನಂತರ, ಬೇರೆ ಖಂಡದ, ಬೇರೆ ಭಾಷೆಯ ಒಬ್ಬ ಮನುಷ್ಯನಿಗೆ ಆ ಪುಟ ಕೆಲಸಕ್ಕೆ ಬಂತು. ಕಾಣದ್ದನ್ನು ಕಂಡಂತೆ ಬರೆದಿದ್ದರೆ ಬರುತ್ತಿತ್ತೇ?

ಇನ್ನು ನಮ್ಮ ನೆಲದ ಕತೆ. ಕಲಬುರಗಿಯ ಹಫ್ತ್ ಗುಂಬಜ್ ಅಂಗಳದಲ್ಲಿ ನಾನು ಆಡಿ ಬೆಳೆದವಳು. ಅಲ್ಲಿರುವ ದೊಡ್ಡ ಗೋರಿ 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿಯದು. ಈ ಸುಲ್ತಾನ 1407ರಲ್ಲಿ ದೌಲತಾಬಾದಿನ ಹತ್ತಿರ ಘಟ್ಟದ ಮೇಲೆ ಒಂದು ವೀಕ್ಷಣಾಲಯ ಕಟ್ಟಿಸಲು ಕೈಹಾಕಿದ ಅಂತ, ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ಹಕೀಮ್ ಹಸನ್ ಗೀಲಾನಿ ಎಂಬ ವಿದ್ವಾಂಸ ಅದರ ಮುಖ್ಯಸ್ಥ. ಆತ ತೀರಿಕೊಂಡ, ಕೆಲಸ ಅರ್ಧಕ್ಕೇ ನಿಂತಿತು. ಉಲುಗ್ ಬೇಗ್ ಸಮರ್‌ಖಂದಿನಲ್ಲಿ ತನ್ನ ಹೆಸರಾಂತ ವೀಕ್ಷಣಾಲಯ ಕಟ್ಟಿಸಿದ್ದು ಇದಾದ ಮೇಲೆಯೇ. ನಾವು ಗೋರಿಯ ಹಿಂದೆ ಕಣ್ಣಾಮುಚ್ಚಾಲೆ ಆಡುತ್ತಿದ್ದಾಗ ಇದನ್ನು ಯಾರೂ ನಮಗೆ ಹೇಳಲಿಲ್ಲ.

ಸುಮಾರು ಐದುನೂರು ವರ್ಷದ ನಂತರ ಹೈದರಾಬಾದಿನಲ್ಲಿ ಆ ಆಸೆ ಮತ್ತೆ ಚಿಗುರಿತು. 1901ರಲ್ಲಿ ನವಾಬ್ ಜಫರ್ ಜಂಗ್ ಫಿಸಲ್‌ಬಂಡಾದ ತಮ್ಮ ಜಾಗದಲ್ಲಿ ವೀಕ್ಷಣಾಲಯ ಶುರುಮಾಡಿ, 15 ಅಂಗುಲದ ದೂರದರ್ಶಕ ತರಿಸಿದರು. ಅವರ ನಂತರ ಅದು ನಿಜಾಮ್ ಸರ್ಕಾರದ ಕೈಗೆ ಬಂತು, ಬೇಗಂಪೇಟೆಗೆ ಹೋಯಿತು, 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಇದೇ ನಿಜಾಮಿಯಾ ವೀಕ್ಷಣಾಲಯ. ಆಗ ಕಲಬುರಗಿ, ಬೀದರ್, ರಾಯಚೂರು ಎಲ್ಲ ಇದೇ ಸಂಸ್ಥಾನದಲ್ಲಿದ್ದವು. ಹಾಗಾಗಿ ಇದು ನಮ್ಮ ಅಜ್ಜ ಅಜ್ಜಿಯರ ಕಾಲದ, ನಮ್ಮದೇ ರಾಜ್ಯದ ಸಂಗತಿ. ಇಡೀ ಆಕಾಶದ ಫೋಟೋ ತೆಗೆಯುವ ಅಂತಾರಾಷ್ಟ್ರೀಯ ಕೆಲಸದಲ್ಲಿ ಹೈದರಾಬಾದಿಗೂ ಒಂದು ಪಾಲು ಸಿಕ್ಕಿತ್ತು. ಮಳೆಗಾಲದ ಮೋಡ ತಪ್ಪಿಸಿಕೊಂಡು, ವರ್ಷಗಟ್ಟಲೆ ತಾಳ್ಮೆಯಿಂದ ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ದಾಖಲಿಸಿದರು.

ಇಷ್ಟೆಲ್ಲ ಓದಿಕೊಂಡು ನಾನು ತರಗತಿಗೆ ವಾಪಸ್ ಹೋದೆ. ಮಕ್ಕಳ ಮುಂದೆ, "ಅಂಕ ಕೊಡುವಾಗ ನಾನು ತಪ್ಪು ಮಾಡಿದೆ" ಅಂದೆ. ಹಳೆಯ ಅಂಕ ಹೊಡೆದುಹಾಕಿ ಎಲ್ಲರಿಗೂ ಇನ್ನೊಂದು ತಿಂಗಳು ಕೊಟ್ಟೆ. ಈ ಸಲ ನಿಯಮ ಬೇರೆ. ಕಣ್ಣಾರೆ ಕಂಡ ಚಂದ್ರನಿಗೆ ಗಟ್ಟಿ ಗೆರೆ. ಮೋಡವಿದ್ದರೆ "ಮೋಡ" ಎಂದು ಬರೆದು, ಹಿಂದು ಮುಂದಿನ ದಿನ ನೋಡಿ ಊಹಿಸಿದ ಆಕಾರಕ್ಕೆ ಚುಕ್ಕೆ ಗೆರೆ. ನೋಡಲು ಮರೆತಿದ್ದರೆ "ಮರೆತೆ". ಮೂರಕ್ಕೂ ಅಂಕ ಉಂಟು, ಸುಳ್ಳಿಗೆ ಮಾತ್ರ ಇಲ್ಲ.

ಮೋಡದ ನಡುವೆಯೂ ನೋಡುವ ಒಂದೆರಡು ಉಪಾಯ ಹೇಳಿಕೊಟ್ಟೆ. ಚಂದ್ರ ರಾತ್ರಿ ಮಾತ್ರ ಇರುತ್ತಾನೆ ಅಂತ ತಿಳಿಯಬೇಡಿ. ಹುಣ್ಣಿಮೆ ಕಳೆದ ಮೇಲಿನ ವಾರ ಬೆಳಿಗ್ಗೆ ಶಾಲೆಗೆ ಬರುವಾಗ ಪಶ್ಚಿಮದ ಕಡೆ ತಲೆ ಎತ್ತಿ ನೋಡಿ. ಚಂದ್ರ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ, ಹಾಗಾಗಿ ಯಾವ ಹೊತ್ತಿಗೆ ಯಾವ ಕಡೆ ಕಾಯಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ಮೋಡ ಸರಿಯುವುದಕ್ಕೆ ಹತ್ತು ನಿಮಿಷ ಕಾಯಿರಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಒಂದು ದಿನದಲ್ಲಿ ಚಂದ್ರ ನಕ್ಷತ್ರಗಳ ನಡುವೆ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಪೂರ್ವಕ್ಕೆ ಸರಿಯುತ್ತಾನೆ. ಬೀರೂನಿಗೆ ಹಲಗೆ ಇತ್ತು, ನಮಗೆ ಮುಷ್ಟಿ ಇದೆ.

ಎರಡನೇ ತಿಂಗಳ ನೋಟ್‌ಬುಕ್ಕುಗಳು ನೋಡಲು ಅಷ್ಟು ಚೆಂದ ಇರಲಿಲ್ಲ. ಚುಕ್ಕೆ ಗೆರೆ, ಹೊಡೆದುಹಾಕಿದ್ದು, "ಮರೆತೆ" ಅಂತ ಬರೆದದ್ದು. ಆದರೆ ಎಲ್ಲರ ಪುಟ ಪಕ್ಕಪಕ್ಕ ಇಟ್ಟಾಗ ಒಂದು ಸೋಜಿಗ. ಒಬ್ಬರಿಗೆ ಮೋಡವಿದ್ದ ರಾತ್ರಿ ಇನ್ನೊಂದು ಮೊಹಲ್ಲಾದವರಿಗೆ ಹತ್ತು ನಿಮಿಷ ಚಂದ್ರ ಕಂಡಿದ್ದ. ಎಲ್ಲರದ್ದೂ ಸೇರಿಸಿದರೆ ತಿಂಗಳಲ್ಲಿ ಐದು ದಿನ ಮಾತ್ರ ಖಾಲಿ.

ಅದನ್ನು ನೋಡಿ ಒಬ್ಬ ಹುಡುಗ ಕೇಳಿದ, "ಟೀಚರ್, ಅದಕ್ಕೇನಾ ಈದ್ ಒಂದು ಕಡೆ ಇವತ್ತು, ಒಂದು ಕಡೆ ನಾಳೆ?" ಹೌದು, ಅದೂ ಒಂದು ಕಾರಣ ಅಂದೆ. ಊರು ಬೇರೆಯಾದರೆ ಸೂರ್ಯ ಮುಳುಗುವ ಹೊತ್ತು ಬೇರೆ, ಮೋಡ ಬೇರೆ. ಲೆಕ್ಕವನ್ನು ಎಷ್ಟು ಒಪ್ಪಬೇಕು, ಎಷ್ಟು ದೂರದ ಸಾಕ್ಷಿ ಸಾಕು ಎನ್ನುವುದರಲ್ಲಿ ಉಲಮಾಗಳ ಅಭಿಪ್ರಾಯವೂ ಬೇರೆ ಬೇರೆ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಯಾವ ಅಭಿಪ್ರಾಯದವರಿಗೂ ಬೇಕಾಗಿರುವುದು ಒಂದೇ: ಕಂಡವನು ಕಂಡೆ ಅನ್ನಬೇಕು, ಕಾಣದವನು ಕಾಣಲಿಲ್ಲ ಅನ್ನಬೇಕು. ಇಡೀ ಊರಿನ ಹಬ್ಬ ಆ ಒಂದು ಮಾತಿನ ಮೇಲೆ ನಿಲ್ಲುತ್ತದೆ.

ಆ ಹುಡುಗಿಯ ಮೊದಲ ನೋಟ್‌ಬುಕ್ಕು ಈಗಲೂ ನನ್ನ ಕಪಾಟಿನಲ್ಲಿದೆ. ಹದಿನೇಳು ಖಾಲಿ ವೃತ್ತ, ಹದಿನೇಳು ಸಲ ಬಾದಲ್. ನಾಲ್ಕನ್ನು ಹೊಡೆದು ಕೆಂಪು ಶಾಯಿಯಲ್ಲಿ ಹತ್ತು ಬರೆದಿದ್ದೇನೆ, ಪಕ್ಕದಲ್ಲಿ ನನ್ನ ಸಹಿ ಇದೆ.