ಗೌಂಡಿಯ ಕ್ಯೂರಿಂಗು, ವಿಮಾನದ ಕ್ಯೂರಿಂಗು

ಕ್ಯೂರಿಂಗ್ ಅಂದ್ರೆ ಏನು ಅಂತ ನಮ್ಮ ಮುನವಳ್ಳಿಯ ಗೌಂಡಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಲ್ಯಾಬ್ ಹಾಕಿದ ಮೇಲೆ ದಿನಗಟ್ಟಲೆ ನೀರು ಹೊಡೀಬೇಕು, ಉದಾಸೀನ ಮಾಡಿದ್ರೆ ಬಿರುಕು ಗ್ಯಾರಂಟಿ. ವಿಮಾನದ ರೆಕ್ಕೆಗೂ ಕ್ಯೂರಿಂಗ್ ಇದೆ. ಅಲ್ಲಿ ಬೇಕಾದದ್ದು ನೀರಲ್ಲ, ಬಿಸಿ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನಾದರೂ ಈ ಬಿಸಿಯ ಇತಿಹಾಸ ನನ್ನನ್ನು ಬಿಟ್ಟಿಲ್ಲ.

ಕಾರ್ಬನ್ ಅಥವಾ ಗಾಜಿನ ಎಳೆಗಳ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಪದರ ಪದರವಾಗಿ ಜೋಡಿಸಿ ಕಾಯಿಸಿದರೆ ಅಂಟಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಇದೇ ಕಾಂಪೋಸಿಟ್. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಇದೇ ವಸ್ತು!

ಇದನ್ನು ಬೇಯಿಸೋದು ಆಟೋಕ್ಲೇವ್‌ನಲ್ಲಿ. ನಮ್ಮ ಕುಕ್ಕರಿನ ದೊಡ್ಡಣ್ಣ ಅನ್ನಿ. ಸುಮಾರು 180 ಡಿಗ್ರಿ ಬಿಸಿ, ವಾತಾವರಣದ ಹಲವು ಪಟ್ಟು ಒತ್ತಡ, ಗಂಟೆಗಟ್ಟಲೆ ಕಾಯುವಿಕೆ. ಬಿಸಿ ಹೊರಗಿನಿಂದ ಒಳಗೆ ನಿಧಾನವಾಗಿ ಇಳಿಯಬೇಕು, ಜೊತೆಗೆ ಅಷ್ಟೂ ಅನಿಲ, ಅಚ್ಚು, ಕಬ್ಬಿಣ ಎಲ್ಲಾ ಕಾಯಬೇಕು. ರೆಕ್ಕೆ ದೊಡ್ಡದಾದರೆ ಕುಕ್ಕರೂ ದೊಡ್ಡದಾಗಬೇಕು.

ಹಾಗಾದರೆ ಮೈಕ್ರೋವೇವ್ ಯಾಕಾಗಬಾರದು? 1940ರಲ್ಲಿ ಬರ್ಮಿಂಗ್‌ಹ್ಯಾಮ್‌ನ ರ‍್ಯಾಂಡಲ್ ಮತ್ತು ಬೂಟ್ ರೇಡಾರಿಗೆಂದು ಮಾಡಿದ ಮ್ಯಾಗ್ನೆಟ್ರಾನ್, 1945ರ ನಂತರ ಅಮೆರಿಕದ ಪರ್ಸಿ ಸ್ಪೆನ್ಸರ್ ಕೈಯಲ್ಲಿ ಅಡುಗೆಮನೆ ಹೊಕ್ಕಿತು. ಅದರ ಅಲೆಗಳು ವಸ್ತುವಿನ ಒಳಗೇ ಬಿಸಿ ಹುಟ್ಟಿಸುತ್ತವೆ. 1984ರಲ್ಲಿ ಲೀ ಮತ್ತು ಸ್ಪ್ರಿಂಗರ್ ಇದನ್ನು ಕಾಂಪೋಸಿಟ್ ಮೇಲೆ ಪರೀಕ್ಷಿಸಿದರು. ಗಾಜಿನ ಎಳೆ ಸಲೀಸು. ಒಂದೇ ದಿಕ್ಕಿನ ಕಾರ್ಬನ್ ಎಳೆಯೂ ಪರವಾಗಿಲ್ಲ. ಹಲವು ದಿಕ್ಕಿಗೆ ಹಾಸಿದ ಕಾರ್ಬನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ! ಕಾರ್ಬನ್ ವಿದ್ಯುತ್ ವಾಹಕ, ಹಾಗಾಗಿ ಅಲೆ ಆಳಕ್ಕೆ ಇಳಿಯೋದೇ ಇಲ್ಲ. ಆದರೆ ರೆಕ್ಕೆಗೆ ಬೇಕಾದದ್ದು ಅದೇ ಜೋಡಣೆ, ಯಾಕಂದ್ರೆ ಅದರ ಮೇಲೆ ಬೀಳುವ ಬಲ ಒಂದೇ ದಿಕ್ಕಿನದಲ್ಲ.

ಇನ್ನೊಂದು ತೊಡಕೂ ಇದೆ. ಮನೆಯ ಓವನ್ನಿನಲ್ಲಿ ತಟ್ಟೆ ಗಿರಗಿರ ತಿರುಗೋದು ಬಿಸಿ ಒಂದೇ ಕಡೆ ಬೀಳದಿರಲಿ ಅಂತ. ರೆಕ್ಕೆಯನ್ನು ಹಾಗೆ ತಿರುಗಿಸೋಕಾಗತ್ತಾ? :-) ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಇದಕ್ಕೆಂದೇ ಷಟ್ಕೋನಾಕಾರದ ಓವನ್ ಕಟ್ಟಿ ಹೆಫೈಸ್ಟೋಸ್ ಎಂದು ಕರೆದರು. ಅದು ಗ್ರೀಕರ ಕಮ್ಮಾರ ದೇವರ ಹೆಸರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಆಟೋಕ್ಲೇವ್ ಕೊಡುವುದು ಬಿಸಿ ಮಾತ್ರವಲ್ಲ, ಒತ್ತಡವನ್ನೂ. ಪದರಗಳ ನಡುವಿನ ಗುಳ್ಳೆಗಳನ್ನು ಅಡಗಿಸುವುದು ಆ ಒತ್ತಡ. ಮೈಕ್ರೋವೇವ್ ಒತ್ತಡ ಕೊಡುವುದಿಲ್ಲ. ಬೆಂಗಳೂರಿನ ಎನ್‌ಎಎಲ್ ಹಿಡಿದದ್ದು ಈ ಎಳೆಯನ್ನು. ಆಟೋಕ್ಲೇವನ್ನೂ ತಾನೇ ಕಟ್ಟಲು ಕಲಿತ ಆ ಸಂಸ್ಥೆ, ಸರಸ್ ವಿಮಾನದ ರೆಕ್ಕೆಗೆ ‘ವೆರಿಟಿ’ ಎಂಬ ಬೇರೆ ದಾರಿ ಕಂಡುಕೊಂಡಿತು. ಒಣ ಬಟ್ಟೆ ಹಾಸಿ, ನಿರ್ವಾತದಿಂದ ಅಂಟನ್ನು ಒಳಗೆಳೆದುಕೊಂಡು ಬೇಯಿಸುವ ಈ ವಿಧಾನಕ್ಕೆ ಆಟೋಕ್ಲೇವಿನ ಆ ಭಾರೀ ಒತ್ತಡ ಬೇಕಿಲ್ಲ.

ದೊಡ್ಡ ಕುಕ್ಕರ್ ಇದ್ದವರು ಮಾತ್ರ ದೊಡ್ಡ ರೆಕ್ಕೆ ಮಾಡಬಹುದು ಎಂಬ ಕಟ್ಟಳೆ ಮುರಿಯೋದು ಬಿಸಿಯಿಂದಲೋ, ಒತ್ತಡದಿಂದಲೋ? ನನ್ನ ಮಟ್ಟಿಗೆ ಒತ್ತಡದ ಗಂಟು ಮೊದಲು ಬಿಚ್ಚಬೇಕು. ನಿಮಗೇನನ್ನಿಸುತ್ತೆ?